ಚೌಡಿಕೆಯಿಂದ ಹಾರ್ಮೋನಿಯಂಗೆ: ಧಾಟಿ ಎಲ್ಲಿ ಬದಲಾಯಿತು?

'ಜನಪದ ಧಾಟಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ' ಎಂದು ಬರೆದುಕೊಂಡು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಬದಲಾದದ್ದು ಎಲ್ಲಿ ಎಂದು ತಿಳಿಯಬೇಕಾದರೆ ವಾದ್ಯವನ್ನೇ ನೋಡಬೇಕು.

ಎಲ್ಲಮ್ಮನ ಹಾಡು ಹೇಳುವ ಜೋಗತಿಯರ ಚೌಡಿಕೆ ಇದೆಯಲ್ಲ, ಅದು ಮರದ ಪೊಳ್ಳು ಕೊಳಗ. ತಳಕ್ಕೆ ಚರ್ಮ, ಅಲ್ಲಿಂದ ಹೊರಟು ಕೋಲಿನ ತುದಿಗೆ ಬಿಗಿದ ಒಂದೇ ತಂತಿ. ಸ್ವರಕ್ಕೊಂದು ಮನೆ, ಅಂದರೆ ಗೊತ್ತುಮಾಡಿದ ಜಾಗ, ಎಂಬುದೇ ಇಲ್ಲ. ತಂತಿ ಬಿಗಿದಂತೆ ದನಿ ಏರುತ್ತದೆ, ಸಡಿಲಿಸಿದಂತೆ ಜಾರಿ ಇಳಿಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಕಿವಿಗೆ ಬೀಳುತ್ತದೆ.

ಹಾರ್ಮೋನಿಯಂನಲ್ಲಿ ಆ ದಾರಿಯೇ ಇಲ್ಲ. 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಈ ವಾದ್ಯ, ನಮ್ಮಲ್ಲಿ ಕೈಯಿಂದ ತಿದಿ ಒತ್ತುವ ಪೆಟ್ಟಿಗೆಯಾಗಿ ಕಂಪನಿ ನಾಟಕಗಳಿಗೂ ಭಜನೆಗಳಿಗೂ ಬಂತು. ಒಂದು ಸ್ಥಾಯಿಗೆ, ಅಂದರೆ ಒಂದು 'ಸ'ದಿಂದ ಮೇಲಿನ 'ಸ'ದವರೆಗೆ, ಬೆರಳಿನಿಂದ ಒತ್ತುವ 7 ಬಿಳಿ ಮನೆ, 5 ಕರಿ ಮನೆ, ಅಷ್ಟೇ. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸಿ ಹಾಡುವುದಕ್ಕೆ, ಒಗ್ಗದು ಎಂಬ ಆಕ್ಷೇಪ ಎಷ್ಟು ಬಲವಾಗಿತ್ತೆಂದರೆ, 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ನಿಷೇಧವಿತ್ತು.

ನನಗೆ ಇದು ಅರ್ಥವಾದದ್ದು ಅಜ್ಜಿಯ ಬೀಸುವ ಪದದಿಂದ. ಕಲ್ಲು ಒಂದು ಸುತ್ತು ಮುಗಿಸುವಾಗ ಸಾಲಿನ ಕೊನೆಗೆ ಅವಳು ದನಿಯನ್ನು ಗಾಂಧಾರದ (ಗ ಸ್ವರದ) ಹತ್ತಿರ ತೂಗಿ ಬಿಡುತ್ತಿದ್ದಳು. ಹಾರ್ಮೋನಿಯಂನಲ್ಲಿ ಬಿಳಿ ಒಂದರ ಶ್ರುತಿ ಇಟ್ಟುಕೊಂಡು, ಅಂದರೆ ಸ್ಥಾಯಿಯ ಮೊದಲ ಬಿಳಿ ಮನೆಯನ್ನೇ 'ಸ' ಮಾಡಿಕೊಂಡು, ಅದನ್ನು ನುಡಿಸಿದೆ. ಗಾಂಧಾರದ ಬಿಳಿ ಮನೆ ಒತ್ತಿದರೆ ಮೇಲಾಯಿತು, ಪಕ್ಕದ ಕರಿ ಮನೆ ಒತ್ತಿದರೆ ಕೆಳಗಾಯಿತು. ಅವಳ ಸ್ವರ ಆ ಎರಡರ ಸಂದಿನಲ್ಲಿತ್ತು. ಪೆಟ್ಟಿಗೆಯ ಜೊತೆ ಕಲಿತ ನಮ್ಮ ಮನೆಯ ಮಕ್ಕಳು ಈಗ ಅಲ್ಲಿ ನೇರ ಗಾಂಧಾರವನ್ನೇ ಹಾಡುತ್ತಾರೆ. ಮೊದಲು ವಾದ್ಯ ಕೊರಳನ್ನು ಹಿಂಬಾಲಿಸಿತು, ಆಮೇಲೆ ಕೊರಳೇ ವಾದ್ಯವನ್ನು ಹಿಂಬಾಲಿಸಿತು. ಪರೀಕ್ಷೆಗೆ ಬರೆಯುವಾಗ ಈ ಎರಡನೆಯ ಹಂತವನ್ನು ಬಿಡಬೇಡಿ.

ಹಾರ್ಮೋನಿಯಂ ಕೊಟ್ಟದ್ದೂ ಇದೆ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಅದು ಧಾಟಿಯನ್ನು ಹಿಡಿದು ನಿಲ್ಲಿಸುತ್ತದೆ. ಆ ಬಿಡುವೇ ಬೆಳೆದು ಚರಣಗಳ ನಡುವಿನ ವಾದ್ಯಸಂಗೀತಕ್ಕೆ ಜಾಗವಾಗುತ್ತದೆ. ಪಿಟೀಲಿನಲ್ಲಿ ಬೆರಳು ಜಾರುವುದರಿಂದ ಕಳೆದ ಎಳೆತ ಮರಳಿ ಸಿಗುತ್ತದೆ. ಕೊಳಲಿನಲ್ಲೂ ರಂಧ್ರವನ್ನು ಅರ್ಧ ಮುಚ್ಚಿ ಅದನ್ನು ತರಬಹುದು. ಆದರೆ ಧಾಟಿ ತೀರಾ ಕೆಳಗಿಳಿದರೆ ಕೊಳಲಿನವರು ಆ ಭಾಗವನ್ನು ಮೇಲಿನ ಸ್ಥಾಯಿಗೆ ಎತ್ತಿ ನುಡಿಸಬೇಕಾಗುತ್ತದೆ.

ಹೀಗೆ ಧಾಟಿಯ ಹರವಿಗೂ ವಾದ್ಯಕ್ಕೂ ಇರುವ ನಂಟಿಗೆ ಶಾಸ್ತ್ರೀಯ ಸಂಗೀತದಲ್ಲಿ ಹತ್ತಿರದ ಉದಾಹರಣೆ ಪುನ್ನಾಗವರಾಳಿ ರಾಗ. ಜನಪದದ ನಂಟಿರುವ ಈ ರಾಗದ ಹರವು ಚಿಕ್ಕದು, ತಾರಸ್ಥಾಯಿಗೆ, ಅಂದರೆ ಮೇಲಿನ ಸ್ಥಾಯಿಗೆ, ಹೋಗುವುದಿಲ್ಲ. ಹಾಗಾಗಿ ತಂಬೂರಿಯ ಪಂಚಮದ (ಪ) ತಂತಿಯನ್ನು ಮಧ್ಯಮಕ್ಕೆ (ಮ) ಇಳಿಸಿ, ಆ ಮಧ್ಯಮವನ್ನೇ ಷಡ್ಜ (ಸ) ಮಾಡಿಕೊಂಡು ಹಾಡುವ ರೂಢಿ ಇದೆ. ಇಲ್ಲಿ ಧಾಟಿಗಾಗಿ ವಾದ್ಯವೇ ಬಗ್ಗಿದೆ.

ನಿಮ್ಮ ಮನೆಯ ಜೋಗುಳವನ್ನು ಮೊದಲು ಹಾಡಿ, ಆಮೇಲೆ ಕೀಬೋರ್ಡಿನಲ್ಲಿ ನುಡಿಸಿ ನೋಡಿ. ಬೆರಳಿಗೆ ಮನೆ ಸಿಗದೆ ತಡೆಯುವ ಜಾಗದಲ್ಲಿ ಸಾಹಿತ್ಯದ ಅಕ್ಷರಕ್ಕೆ ಗುರುತು ಹಾಕಿ, ಮನೆಯ ಹಿರಿಯರಿಂದ ಆ ಸಾಲನ್ನಷ್ಟೇ ಇನ್ನೊಮ್ಮೆ ಹಾಡಿಸಿ ಕೇಳಿ.