ಸುಣ್ಣದೊಳಗೆ ಉಳಿದ ಬಣ್ಣ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯ ಪಶ್ಚಿಮದ ಅಂಚಿನಲ್ಲಿ ಕೆಂಪ್ಲಿ ಎಂಬ ಸಣ್ಣ ಊರಿದೆ. ಊರಿಗಿಂತ ತುಸು ದೂರದಲ್ಲಿ, ಹೊಲಗಳ ನಡುವೆ, ಸೇಂಟ್ ಮೇರಿ ಚರ್ಚು ನಿಂತಿದೆ. ಹೊರಗಿನಿಂದ ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಒಳಗೆ ಹೋಗಿ, ಬಲಿಪೀಠವಿರುವ ಪೂರ್ವದ ಕೋಣೆಯಲ್ಲಿ ತಲೆಯೆತ್ತಿದರೆ 12ನೇ ಶತಮಾನದ ಪೂರ್ವಾರ್ಧದ ಚಿತ್ರಗಳು ಕಮಾನಿನ ಚಾವಣಿಯ ತುಂಬ ಹರಡಿಕೊಂಡಿವೆ. ನಡುವೆ ಕಾಮನಬಿಲ್ಲಿನ ಮೇಲೆ ಕುಳಿತ ಕ್ರಿಸ್ತ. ಸುತ್ತ ಸೂರ್ಯ, ಚಂದ್ರ, ಏಳು ದೀಪಸ್ತಂಭಗಳು, ರೆಕ್ಕೆ ಹರಡಿದ ದೇವದೂತರು. ಉತ್ತರ, ದಕ್ಷಿಣದ ಗೋಡೆಗಳಲ್ಲಿ ಆರಾರು ಮಂದಿಯಂತೆ ಹನ್ನೆರಡು ಅಪೊಸ್ತಲರು ಸಾಲಾಗಿ ಕುಳಿತಿದ್ದಾರೆ. ಎಲ್ಲರ ಕತ್ತೂ ಮೇಲಕ್ಕೆ ತಿರುಗಿದೆ, ಎಲ್ಲರ ನೋಟವೂ ಚಾವಣಿಯ ಕ್ರಿಸ್ತನತ್ತ. ಕಿಟಕಿಯ ಬಳಿ ಯಾತ್ರಿಕರ ವೇಷದ ಇಬ್ಬರಿದ್ದಾರೆ. ಈ ಚರ್ಚನ್ನು ಕಟ್ಟಿಸಿದ ಡಿ ಲೇಸಿ ಮನೆತನದವರು ಇವರೇ ಇರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ಒಂಬೈನೂರು ವರ್ಷ ಹತ್ತಿರವಾದ ಬಣ್ಣ, ಅದೂ ಮಳೆ ಮತ್ತು ಮಂಜಿನ ಆ ನಾಡಿನಲ್ಲಿ, ಇಷ್ಟರ ಮಟ್ಟಿಗೆ ಉಳಿದದ್ದು ಹೇಗೆ? ಉತ್ತರ ಸುಣ್ಣದಲ್ಲಿದೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿದ್ದಾಗ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇದಕ್ಕೆ ಮರಳು ಬೆರೆಸಿ ಗಾರೆ ಮಾಡಿ ಗೋಡೆಗೆ ಮೆತ್ತುತ್ತಾರೆ. ಗಾರೆ ಇನ್ನೂ ಹಸಿಯಾಗಿರುವಾಗಲೇ ಕಲಾವಿದ ಬರಿಯ ನೀರಿನಲ್ಲೋ ಸುಣ್ಣದ ತಿಳಿಯಲ್ಲೋ ಕಲಸಿದ ಬಣ್ಣವನ್ನು ಹಚ್ಚುತ್ತಾನೆ. ಅಂಟಿಲ್ಲ, ಎಣ್ಣೆಯಿಲ್ಲ, ಮೊಟ್ಟೆಯ ಲೋಳೆಯೂ ಇಲ್ಲ. ಗಾರೆಯ ನೀರು ಆರುತ್ತ ಮೇಲಕ್ಕೆ ಬರುವಾಗ ತನ್ನಲ್ಲಿ ಕರಗಿದ ಸುಣ್ಣವನ್ನೂ ಹೊತ್ತು ತರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಗಲಿದೊಡನೆ ಆ ಸುಣ್ಣ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ತಾನು ಹುಟ್ಟಿಬಂದ ಕಲ್ಲೇ ಆಗುತ್ತದೆ. ತಿಳಿಸುಣ್ಣದ ಪಾತ್ರೆಯನ್ನು ಮುಚ್ಚದೆ ಬಿಟ್ಟರೆ ನೀರಿನ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಅಲ್ಲಿ ನಡೆಯುವುದೂ ಇದೇ ಕ್ರಿಯೆ. ಗೋಡೆಯಲ್ಲಿ ಆ ಪೊರೆ ಬಣ್ಣದ ಕಣಗಳ ಸುತ್ತ ಸ್ಫಟಿಕವಾಗಿ ಬೆಳೆದು ಅವನ್ನು ತನ್ನೊಳಗೆ ಬಂಧಿಸಿಕೊಳ್ಳುತ್ತದೆ. ಹಾಗಾಗಿ ಬಣ್ಣ ಗೋಡೆಯ ಮೇಲೆ ಅಂಟಿಕೊಂಡಿಲ್ಲ. ಅದು ಗೋಡೆಯ ಭಾಗವೇ ಆಗಿದೆ.

ಇದಕ್ಕೆ ಎಲ್ಲ ಬಣ್ಣಗಳೂ ಒಗ್ಗುವುದಿಲ್ಲ. ಹಸಿ ಸುಣ್ಣ ತೀವ್ರ ಕ್ಷಾರ. ಅದರ ಪಿಎಚ್ 12ನ್ನು ದಾಟುತ್ತದೆ. ಗಿಡಮೂಲದ ಬಣ್ಣಗಳು ಅದರಲ್ಲಿ ಬೇಗ ಕೆಡುತ್ತವೆ. ಮಣ್ಣಿನಿಂದ ಬಂದ ಕಬ್ಬಿಣದ ಆಕ್ಸೈಡುಗಳು, ಎಂದರೆ ಕೆಮ್ಮಣ್ಣು ಮತ್ತು ಹಳದಿ ಮಣ್ಣು, ಅಲ್ಲಾಡುವುದಿಲ್ಲ. ಬಿಳಿಗೆ ಸುಣ್ಣವೇ ಇದೆ, ಕಪ್ಪಿಗೆ ಇದ್ದಲು. ಆ ಕಾಲದ ಇಂಗ್ಲೆಂಡಿನ ಹಳ್ಳಿಯ ಚರ್ಚುಗಳಲ್ಲಿ ಬಣ್ಣಗಳ ಬಳಗ ಹೆಚ್ಚುಕಡಿಮೆ ಇಷ್ಟೇ. ದುಬಾರಿ ನೀಲಿ ಕೈಗೆಟುಕದ ಕಡೆ ಇದ್ದಲನ್ನು ಸುಣ್ಣದಲ್ಲಿ ಬೆರೆಸಿ ಬೂದು ಮಾಡಿ, ಅದನ್ನು ಕೆಂಪಿನ ಪಕ್ಕದಲ್ಲಿ ಹಚ್ಚುತ್ತಿದ್ದರು. ಕೆಂಪಿನ ನೆರೆಯಲ್ಲಿ ಆ ಬೂದು ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ. ನೀಲಿ ಇಲ್ಲದೆ ನೀಲಿಯನ್ನು ತೋರಿಸಿದ ಆ ಜಾಣ್ಮೆಗೆ ನಾನು ಮನಸೋತಿದ್ದೇನೆ.

ಈ ವಿಧಾನ ಬಲ್ಲವರಿಗೆ ಕೆಂಪ್ಲಿಯಲ್ಲಿ ಇನ್ನೊಂದು ಪಾಠವೂ ಸಿಗುತ್ತದೆ. ಪೂರ್ವದ ಕೋಣೆಯಿಂದ ಕಮಾನು ದಾಟಿ ಜನರು ಕೂರುವ ಭಾಗಕ್ಕೆ ಬಂದರೆ ಅಲ್ಲಿಯೂ ಚಿತ್ರಗಳಿವೆ. ಮನುಷ್ಯನ ಬಾಳಿನ ಹಂತಗಳನ್ನು ತೋರಿಸುವ ಚಕ್ರ, ಆತ್ಮಗಳನ್ನು ತಕ್ಕಡಿಯಲ್ಲಿ ತೂಗುವ ಸಂತ ಮೈಕಲ್. ಆದರೆ ಇವನ್ನು ಮುಂದಿನ ಕಾಲದಲ್ಲಿ, ಒಣಗಿದ ಗೋಡೆಯ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆಯಲಾಗಿದೆ. ಅಂಟು ಜೈವಿಕ ವಸ್ತು. ಶಿಲೀಂಧ್ರಕ್ಕೆ ಆಹಾರ, ತೇವಕ್ಕೆ ತುತ್ತು. ಅದು ಸತ್ತರೆ ಬಣ್ಣ ಪುಡಿಯಾಗಿ ಉದುರುತ್ತದೆ. ಆದ್ದರಿಂದ ವಯಸ್ಸಿನಲ್ಲಿ ಚಿಕ್ಕದಾದ ಈ ಚಕ್ರ ಮಾಸಿ ಹರಿದುಹೋಗಿದೆ, ಅದಕ್ಕಿಂತ ಹಿರಿಯನಾದ ಚಾವಣಿಯ ಕ್ರಿಸ್ತ ಹೆಚ್ಚು ಗಟ್ಟಿಯಾಗಿದ್ದಾನೆ. ಒಂದೇ ಸೂರು, ಒಂದೇ ಹವೆ, ಎರಡು ವಿಧಾನ. ಯಾವ ಪ್ರಯೋಗಾಲಯವೂ ಇಷ್ಟು ದೀರ್ಘವಾದ ಪ್ರಯೋಗವನ್ನು ನಡೆಸಲಾರದು.

ಸೂರಿನ ಮರವೂ ಅಪರೂಪದ್ದು. ಓಕ್ ಮರದ ವಾರ್ಷಿಕ ಉಂಗುರಗಳು ಮಳೆ ಚೆನ್ನಾಗಿ ಬಂದ ವರ್ಷ ಅಗಲವಾಗಿ, ಬರದ ವರ್ಷ ಕಿರಿದಾಗಿ ಬೆಳೆಯುತ್ತವೆ. ಆ ಅಗಲ ಕಿರಿದುಗಳ ಸಾಲನ್ನು ಕಾಲ ಗೊತ್ತಿರುವ ಮರಗಳ ಸಾಲಿನೊಡನೆ ಹೊಂದಿಸಿ ನೋಡಿದಾಗ, ಇಲ್ಲಿನ ತೊಲೆಗಳಿಗಾಗಿ ಮರ ಕಡಿದದ್ದು 1120 ಮತ್ತು 1150ರ ನಡುವೆ ಎಂದು ತಿಳಿಯಿತು. ಬ್ರಿಟನ್ನಿನ ಅತಿ ಹಳೆಯ ಮರದ ಚಾವಣಿಗಳಲ್ಲಿ ಇದೂ ಒಂದು.

16ನೇ ಶತಮಾನದ ಧಾರ್ಮಿಕ ಸುಧಾರಣೆಯಲ್ಲಿ ಚರ್ಚಿನೊಳಗೆ ಚಿತ್ರಗಳು ಕೂಡದು ಎಂಬ ಕಟ್ಟಪ್ಪಣೆ ಬಂತು. ಇಂಗ್ಲೆಂಡಿನಾದ್ಯಂತ ಗೋಡೆಗಳಿಗೆ ಸುಣ್ಣ ಬಳಿದರು, ಕೆಂಪ್ಲಿಯಲ್ಲಿಯೂ ಬಳಿದರು. ಬಳಿದದ್ದು ಅಳಿಸಲು, ಆದದ್ದು ರಕ್ಷಣೆ. ಸುಣ್ಣದ ಪದರಕ್ಕೆ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆಯ ತೇವಕ್ಕೆ ಹೊರಹೋಗುವ ದಾರಿ ಮುಚ್ಚಲಿಲ್ಲ. ಮೇಣದಬತ್ತಿಯ ಹೊಗೆ, ಧೂಳು, ಉಜ್ಜುವ ಕೈಗಳು ಇವೆಲ್ಲ ಹೊರಗೇ ಉಳಿದವು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಚಿತ್ರಗಳು ಹೀಗೆ ಮರೆಯಲ್ಲಿದ್ದವು.

1872ರಲ್ಲಿ ಸುಣ್ಣವನ್ನು ಕೆರೆದಾಗ ಅವು ಮತ್ತೆ ಹೊರಬಂದವು. ಕಂಡು ಹಿಡಿದವರಿಗೆ ಅವನ್ನು ಹೇಗಾದರೂ ಉಳಿಸಬೇಕೆಂಬ ಕಾಳಜಿಯಿತ್ತು. ಆ ಕಾಳಜಿಯೇ ಚಿತ್ರಗಳಿಗೆ ಸಂಕಟ ತಂದಿತು. ಮೇಲೆ ಅರಗಿನ ವಾರ್ನಿಷ್ ಹಚ್ಚಲಾಯಿತು. ಬಡಗಿಗಳು ಮರಕ್ಕೆ ಹಚ್ಚುವ ಫ್ರೆಂಚ್ ಪಾಲಿಶ್‌ನಲ್ಲಿರುವುದೂ ಇದೇ ಅರಗು. ಅಂದು ಯುರೋಪಿಗೆ ಅರಗು ಹೋಗುತ್ತಿದ್ದುದು ಬಹುಪಾಲು ಭಾರತದಿಂದ. ನಮ್ಮ ಕಾಡುಮರಗಳ ರೆಂಬೆಗಳಲ್ಲಿ ಅರಗಿನ ಹುಳು ಸ್ರವಿಸುವ ರಾಳ ಅದು. ಹಚ್ಚಿದ ದಿನ ಅರಗು ಬಣ್ಣಕ್ಕೆ ಹೊಳಪು ಕೊಡುತ್ತದೆ. ವರ್ಷಗಳು ಕಳೆದಂತೆ ಹಳದಿಯಾಗಿ, ಕಂದಾಗಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಸ್ಪಿರಿಟ್ಟಿಗೂ ಸುಲಭವಾಗಿ ಕರಗದಂತಾಗುತ್ತದೆ. ಗೋಡೆಯ ರಂಧ್ರಗಳು ಮುಚ್ಚಿ, ಒಳಗಿನ ತೇವ ಬಣ್ಣದ ಹಿಂದೆಯೇ ನಿಲ್ಲುತ್ತದೆ. ಕೆಂಪ್ಲಿಯ ಅರಗನ್ನು ತೆಗೆದು ಚಿತ್ರಗಳನ್ನು ಶುಚಿಗೊಳಿಸಿದ್ದು 1950ರ ದಶಕದಲ್ಲಿ.

ಇದೇ ಅರಗಿನ ಕಥೆ ಅಜಂತಾದಲ್ಲಿಯೂ ನಡೆಯಿತು. 1920ರಿಂದ 1922ರವರೆಗೆ ಹೈದರಾಬಾದ್ ನಿಜಾಮರ ಸರ್ಕಾರದ ಆಹ್ವಾನದ ಮೇಲೆ ಬಂದ ಇಟಲಿಯ ಚೆಕ್ಕೋನಿ ಮತ್ತು ಓರ್ಸಿನಿ ಅಲ್ಲಿನ ಚಿತ್ರಗಳಿಗೆ ಅರಗು ಹಚ್ಚಿದರು. ಮುಂದೆ ಅದು ಕಂದಿದಾಗ, ತೆಗೆಯುವ ಭಾರ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಸಾಯನ ತಜ್ಞರ ಹೆಗಲಿಗೆ ಬಿತ್ತು. ಅಜಂತಾದ್ದು ಒಣ ಗೋಡೆಯ ಮೇಲಿನ ಚಿತ್ರ. ಬಣ್ಣ ನಿಂತಿರುವುದೇ ಅಂಟಿನಿಂದ. ಸುಣ್ಣದಲ್ಲಿ ಬಂಧಿಯಾದ ಬಣ್ಣದ ಮೇಲಿನ ಕೊಳೆ ತೆಗೆಯುವುದಕ್ಕಿಂತ ಅಲ್ಲಿನ ಕೆಲಸ ಬಹಳ ನಾಜೂಕಿನದು. ಈ ಎರಡೂ ಕಡೆ ತಪ್ಪಿದವರು ಕಲೆಯನ್ನು ಪ್ರೀತಿಸಿದವರೇ ಹೊರತು ಕಡೆಗಣಿಸಿದವರಲ್ಲ, ಇದನ್ನು ಸಂರಕ್ಷಣೆಗೆ ಇಳಿಯುವ ಪ್ರತಿಯೊಬ್ಬರೂ ನೆನಪಿಡಬೇಕು.

ಸುಣ್ಣಕ್ಕೂ ಶತ್ರುಗಳಿದ್ದಾರೆ. ನೆಲದ ನೀರು ಗೋಡೆಯಲ್ಲಿ ಏರುವಾಗ ಲವಣಗಳನ್ನು ಕರಗಿಸಿ ತರುತ್ತದೆ. ಹವೆ ಒಣಗಿದಾಗ ಲವಣ ಹರಳುಗಟ್ಟುತ್ತದೆ, ತೇವ ಹೆಚ್ಚಿದಾಗ ಕರಗುತ್ತದೆ. ರಂಧ್ರದೊಳಗೆ ಬೆಳೆಯುವ ಹರಳಿನ ಒತ್ತಡ ಗಾರೆಯನ್ನೇ ಸಿಡಿಸಬಲ್ಲದು. ಭಾನುವಾರಕ್ಕೊಮ್ಮೆ ಚರ್ಚನ್ನು ಬೆಚ್ಚಗೆ ಮಾಡಿ ಉಳಿದ ದಿನ ತಣ್ಣಗೆ ಬಿಡುವ ಪದ್ಧತಿ ಇಂಥ ಗೋಡೆಗಳಿಗೆ ತುಂಬ ಕೆಟ್ಟದ್ದು. ಕೆಂಪ್ಲಿಯ ಜನ ಬೇರೆಡೆ ನೆಲೆ ಮಾಡಿಕೊಂಡು, 20ನೇ ಶತಮಾನದ ಆರಂಭದಲ್ಲಿ ಅವರಿಗಾಗಿ ಹೊಸ ಚರ್ಚು ಎದ್ದಿತು. ಹಳೆಯದರಲ್ಲಿ ಜನಜಂಗುಳಿ ಕಡಿಮೆಯಾದದ್ದು ಚಿತ್ರಗಳಿಗೆ ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ವಸಂತದಲ್ಲಿ ಇನ್ನೊಂದು ತೊಂದರೆ ಇದೆ. ಚಳಿಗಾಲ ಕಳೆದರೂ ದಪ್ಪ ಗೋಡೆ ತಣ್ಣಗೇ ಇರುತ್ತದೆ. ಹೊರಗಿನ ಬೆಚ್ಚನೆಯ ಹಸಿ ಗಾಳಿ ಒಳನುಗ್ಗಿದರೆ ನೀರಾವಿ ಚಿತ್ರಗಳ ಮೇಲೆಯೇ ಹನಿಗಟ್ಟುತ್ತದೆ. ಕಾಡು ಡ್ಯಾಫೋಡಿಲ್ ಹೂಗಳನ್ನು ನೋಡಲು ಜನ ಆ ಸೀಮೆಗೆ ಬರುವುದೂ ಅದೇ ಕಾಲದಲ್ಲಿ. ಗಾಳಿ ಆಡಲಿ ಎಂದು ಚರ್ಚಿನ ಬಾಗಿಲು ತೆರೆದಿಡುವುದಕ್ಕಿಂತ ಒಳಹೋದವರು ಅದನ್ನು ಹಿಂದೆ ಎಳೆದುಕೊಳ್ಳುವುದೇ ಆ ದಿನಗಳಲ್ಲಿ ಮೇಲು. ಮಳೆನೀರಿನ ದೋಣಿಗಳಲ್ಲಿ ಕಟ್ಟಿಕೊಂಡ ಎಲೆಗಳನ್ನು ಕಾಲಕಾಲಕ್ಕೆ ತೆಗೆಯುವವರು ಆ ಅಪೊಸ್ತಲರಿಗೆ ಮಾಡುವ ಉಪಕಾರ ಯಾವ ವಾರ್ನಿಷ್‌ನಿಂದಲೂ ಆಗದು.