ಥರ್ಮಾಮೀಟರ್ ಸರಿಸಿದ ದಿನವನ್ನು ಬರೆದಿಟ್ಟಿದ್ದೀರಾ?

ಹವಾಮಾನದ ಹುಚ್ಚಿರುವವರಿಂದ ನನಗೆ ಆಗಾಗ ಗ್ರಾಫ್‌ಗಳು ಬರುತ್ತವೆ. ಮನೆಯಲ್ಲೇ ಹತ್ತು ಹನ್ನೆರಡು ವರ್ಷ ಅಳೆದ ತಾಪಮಾನ, ಮೇಲಕ್ಕೆ ಹತ್ತುವ ಕೆಂಪು ಗೆರೆ. ‘ಸರ್, ನಮ್ಮ ಏರಿಯಾ ಎರಡು ಡಿಗ್ರಿ ಬಿಸಿಯಾಗಿದೆ ನೋಡಿ.’ ಕೆಲವರ ಗೆರೆ ಕೆಳಕ್ಕೆ ಇಳಿದಿರುತ್ತದೆ. ಅವರ ದನಿಯೇ ಬೇರೆ: ‘ಭೂಮಿ ಬಿಸಿಯಾಗ್ತಿದೆ ಅಂತೀರಲ್ಲ, ಇದೇನು ಹಾಗಾದ್ರೆ?’

ಇಬ್ಬರಿಗೂ ನಾನು ಕೇಳುವುದು ಒಂದೇ ಪ್ರಶ್ನೆ. ಇಷ್ಟು ವರ್ಷದಲ್ಲಿ ಥರ್ಮಾಮೀಟರ್ ಒಂದೇ ಜಾಗದಲ್ಲಿ ಇತ್ತಾ?

‘ಇಲ್ಲ ಸರ್, ಮಧ್ಯೆ ಒಮ್ಮೆ ಕೆಳಗಿಂದ ತಾರಸಿಗೆ ಹಾಕಿದ್ವಿ. ಆಮೇಲೆ ಹೊಸ ಸೆನ್ಸರ್ ತಗೊಂಡ್ವಿ. ಅದು ತುಂಬಾ ನಿಖರ.’ ಯಾವಾಗ ಅಂದರೆ ನೆನಪಿರುವುದಿಲ್ಲ. ಅಲ್ಲಿಗೆ ಮುಗಿಯಿತು. ಹಳೆಯ ಹವಾಮಾನ ದಾಖಲೆಗಳ ಸಾಚಾತನ ನೋಡುವುದೇ ನನ್ನ ಕೆಲಸ. ಈ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಥರ್ಮಾಮೀಟರ್ ನೆರಳಲ್ಲಿರಬೇಕು, ಗಾಳಿಯಾಡಬೇಕು, ಗೋಡೆಗೆ ತಾಗಬಾರದು, ಇವೆಲ್ಲ ಈ ಹುಚ್ಚು ಹಿಡಿದವರಿಗೆ ಗೊತ್ತೇ ಇದೆ. ಗೊತ್ತಿಲ್ಲದಿರುವುದು ಬೇರೆ. ನಿಮ್ಮ ಥರ್ಮಾಮೀಟರ್ ತಪ್ಪು ತೋರಿಸುವುದು ಅಷ್ಟು ದೊಡ್ಡ ವಿಷಯವಲ್ಲ. ಅದರ ತಪ್ಪು ನಡುವೆ ಬದಲಾಗುವುದೇ ದೊಡ್ಡ ವಿಷಯ.

ಒಂದು ತಕ್ಕಡಿ ಯಾವಾಗಲೂ ಒಂದು ಕಿಲೋ ಜಾಸ್ತಿ ತೋರಿಸುತ್ತದೆ ಅಂದುಕೊಳ್ಳಿ. ನಿಮ್ಮ ತೂಕ ಎಷ್ಟು ಅಂತ ಅದು ಸರಿಯಾಗಿ ಹೇಳುವುದಿಲ್ಲ. ಆದರೆ ವರ್ಷದಲ್ಲಿ ಎಷ್ಟು ದಪ್ಪಗಾದಿರಿ ಅನ್ನುವುದನ್ನು ಸರಿಯಾಗಿಯೇ ಹೇಳುತ್ತದೆ. ನಡುವೆ ಸರಿಯಾದ ತಕ್ಕಡಿ ತಂದು, ಎರಡರ ಅಂಕಿಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದಿರೋ, ತಿನ್ನುವುದು ಬಿಡದೆಯೇ ಒಂದು ಕಿಲೋ ಇಳಿದಂತೆ ಕಾಣುತ್ತದೆ. ಒಳ್ಳೆಯ ಉಪಕರಣ ತಂದಿದ್ದೇ ದಾಖಲೆ ಕೆಡಿಸಿತು. ಹವಾಮಾನ ಬದಲಾವಣೆಯಲ್ಲಿ ನಾವು ಹುಡುಕುವುದು ಏರಿಳಿತವನ್ನು. ಇವತ್ತಿನ ಅಂಕಿ 31 ಅಥವಾ 32 ಅನ್ನುವುದಲ್ಲ.

ನಾವು ಹುಡುಕುತ್ತಿರುವ ಏರಿಕೆ ಎಷ್ಟು ಚಿಕ್ಕದು ಅಂತ ನೋಡಿ. 1850–1900ರ ಸರಾಸರಿಗೆ ಹೋಲಿಸಿದರೆ 2011–2020ರಲ್ಲಿ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ನೂರಕ್ಕೂ ಹೆಚ್ಚು ವರ್ಷಕ್ಕೆ ಅಷ್ಟು. ಹುಲ್ಲಿನ ಮೇಲಿದ್ದ ಥರ್ಮಾಮೀಟರನ್ನು ಕಾಂಕ್ರೀಟ್ ತಾರಸಿಗೆ ಒಯ್ದರೆ ಒಂದೇ ಮಧ್ಯಾಹ್ನದಲ್ಲಿ ಅಷ್ಟು ವ್ಯತ್ಯಾಸ ಬಂದುಬಿಡಬಹುದು. ಎಲ್ಲ ಮನೆಯಲ್ಲೂ ಬರುತ್ತದೆ ಅಂತ ಹೇಳಲಾರೆ, ಅದು ಗಾಳಿ ಬಿಸಿಲಿನ ಮೇಲಿದೆ. ಆದರೆ ಬರುವುದಿಲ್ಲ ಅಂತ ನೀವೂ ಹೇಳಲಾರಿರಿ, ಅಲ್ವಾ?

ಜಾಗ ಬದಲಿಸದಿದ್ದರೂ ಮೋಸ ಹೋಗಬಹುದು. ಗರಿಷ್ಠ–ಕನಿಷ್ಠ ಥರ್ಮಾಮೀಟರಿನಲ್ಲಿ ಪುಟ್ಟ ಸೂಚಿಗಳಿರುತ್ತವೆ, ತಾಪಮಾನ ಮುಟ್ಟಿದ ಅತಿ ಹೆಚ್ಚು, ಅತಿ ಕಡಿಮೆ ಅಂಕಿಯಲ್ಲಿ ಅವು ನಿಂತುಬಿಡುತ್ತವೆ. ಅದನ್ನು ಇಟ್ಟುಕೊಂಡವರು ದಿನಕ್ಕೊಮ್ಮೆ ಅಂಕಿ ಬರೆದುಕೊಂಡು ಸೂಚಿಯನ್ನು ಆ ಹೊತ್ತಿನ ತಾಪಮಾನಕ್ಕೆ ಮರುಹೊಂದಿಸುತ್ತಾರೆ. ಅದನ್ನು ಸಂಜೆ ಐದಕ್ಕೆ ಮಾಡುತ್ತೀರಿ ಅನ್ನಿ. ಇವತ್ತು ಧಗೆ, ಐದು ಗಂಟೆಗೂ ಇನ್ನೂ 36 ಡಿಗ್ರಿ. ನಾಳೆ ಮೋಡ, ಇಡೀ ದಿನ 31 ದಾಟಲಿಲ್ಲ. ಆದರೆ ಸೂಚಿ ನಿನ್ನೆಯ ಸಂಜೆಯ 36ರಲ್ಲೇ ನಿಂತಿರುತ್ತದೆ. ಒಂದು ಬಿಸಿ ದಿನ ಎರಡು ಸಲ ಲೆಕ್ಕಕ್ಕೆ ಬಂತು. ಬೆಳಗಿನ ಜಾವ ಮರುಹೊಂದಿಸುವವರಿಗೆ ಇದರ ತಿರುಗುಮುರುಗು: ಚಳಿಯ ರಾತ್ರಿ ಎರಡು ಸಲ.

ಅಮೆರಿಕದಲ್ಲಿ ಹೀಗೇ ಆಯಿತು. ಅಲ್ಲಿನ ಸ್ವಯಂಸೇವಕ ವೀಕ್ಷಕರಲ್ಲಿ ಬಹಳಷ್ಟು ಮಂದಿ ಮೊದಲು ಸಂಜೆ ಅಳೆಯುತ್ತಿದ್ದರು. 20ನೇ ಶತಮಾನದಲ್ಲಿ ಒಬ್ಬೊಬ್ಬರಾಗಿ ಬೆಳಗ್ಗೆಗೆ ಬಂದರು. ಮಳೆಯನ್ನೂ ಅಳೆಯುತ್ತಿದ್ದವರು ಅವರೇ; ಬೆಳಗ್ಗೆ ಅಳೆದರೆ ಮಳೆಮಾಪಕದಲ್ಲಿನ ನೀರು ಆವಿಯಾಗಿ ಹೋಗುವುದು ಕಡಿಮೆ, ಅದಕ್ಕೆ. ಕಾರಣ ಒಳ್ಳೆಯದೇ. ಆದರೆ ತಾಪಮಾನದ ದಾಖಲೆಯಲ್ಲಿ ಇಲ್ಲದ ತಂಪು ಕಾಣಿಸಿಕೊಂಡಿತು. ಅದನ್ನು ತಿದ್ದಿದಾಗ ‘ನೋಡಿ, ಅಂಕಿ ತಿರುಚಿ ಬಿಸಿ ಮಾಡ್ತಿದ್ದಾರೆ’ ಎಂಬ ಗಲಾಟೆ. ಈ ಮಾತು ಆಡುವವರಿಗೆ ನಾನು ಸಮುದ್ರದ ಕಥೆ ಹೇಳುತ್ತೇನೆ. ಹಿಂದೆ ಹಡಗಿನವರು ಬಕೆಟ್ ಇಳಿಬಿಟ್ಟು ನೀರು ಎತ್ತಿ ತಾಪಮಾನ ನೋಡುತ್ತಿದ್ದರು. ಕ್ಯಾನ್ವಾಸ್ ಬಕೆಟ್ಟಿನ ನೀರು ಆವಿಯಾಗುತ್ತಾ, ಅಳೆಯುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಹಾಗಾಗಿ ಹಳೆಯ ಅಂಕಿಗಳು ನಿಜಕ್ಕಿಂತ ಕಡಿಮೆ. ಅವನ್ನು ಸರಿಪಡಿಸಿದರೆ ಹಳೆಯ ಕಾಲ ಸ್ವಲ್ಪ ಬಿಸಿಯಾಗುತ್ತದೆ, ಒಟ್ಟು ಏರಿಕೆ ಕಡಿಮೆಯಾಗುತ್ತದೆ. ನೆಲ, ಸಮುದ್ರ ಎರಡನ್ನೂ ಸೇರಿಸಿದರೆ ತಿದ್ದದ ಅಂಕಿಗಳೇ ಜಾಸ್ತಿ ಏರಿಕೆ ತೋರಿಸುತ್ತವೆ. ಇದನ್ನು ಕೇಳಿದ ಮೇಲೆ ಸಾಮಾನ್ಯವಾಗಿ ಮಾತು ಬೇರೆ ಕಡೆ ತಿರುಗುತ್ತದೆ.

ದಾಖಲೆ ಮುರಿದ ಅಂಕಿ ಬಂದರಂತೂ ಕೇಳಲೇಬೇಡಿ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಅಂತ ದೇಶವೆಲ್ಲ ಸುದ್ದಿ. ಹವಾಮಾನ ಇಲಾಖೆ ಹೋಗಿ ಪರೀಕ್ಷಿಸಿದಾಗ ಸೆನ್ಸರ್ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿದ್ದುದು ಗೊತ್ತಾಯಿತು. ಲಿಬಿಯಾದ ಅಲ್ ಅಜೀಜಿಯಾ ಇನ್ನೂ ಸ್ವಾರಸ್ಯ. 1922ರ ಸೆಪ್ಟೆಂಬರ್ 13ರಂದು ಅಲ್ಲಿ ಬರೆದ 58 ಡಿಗ್ರಿ, ತೊಂಬತ್ತು ವರ್ಷ ವಿಶ್ವದಾಖಲೆಯಾಗಿ ಕೂತಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ತೆಗೆದುಹಾಕಿತು. ಅನುಭವವಿಲ್ಲದ ಹೊಸಬರು ಸೂಚಿಯ ತಪ್ಪು ತುದಿಯನ್ನು ಓದಿರಬೇಕು ಎಂಬುದು ಒಂದು ಮುಖ್ಯ ಕಾರಣ. ಬರೆಯುವವರು ಬದಲಾಗಿದ್ದರು ಅಂತ ಗೊತ್ತಾದದ್ದು ಹೇಗೆ? ಆ ತಿಂಗಳ ಮೂಲ ದಾಖಲೆ ಹಾಳೆ ಉಳಿದಿತ್ತು.

ಹಾಗಾಗಿ ನಾನು ಬೇಡುವುದು ನೋಟ್‌ಬುಕ್. ದುಬಾರಿ ಸೆನ್ಸರ್ ಆಮೇಲೆ. ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಥರ್ಮಾಮೀಟರ್ ಸಾಧಾರಣದ್ದು. ನೋಟ್‌ಬುಕ್ ಮಾತ್ರ ಬಂಗಾರ. ‘ಪೆಟ್ಟಿಗೆಗೆ ಬಿಳಿ ಬಣ್ಣ ಹೊಡೆಸಿದೆ.’ ‘ಪಕ್ಕದವರು ಮರ ಕಡಿಸಿದರು, ಮೂರು ಗಂಟೆಯ ನಂತರ ಬಿಸಿಲು ಬೀಳುತ್ತಿದೆ.’ ‘ಪೆಟ್ಟಿಗೆಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿದೆ, ತೆಗೆಯಲಿಲ್ಲ.’ ಹಲ್ಲಿಯಿಂದ ತಾಪಮಾನಕ್ಕೆ ಏನೂ ಆಗದು. ಆದರೆ ಹಲ್ಲಿಯನ್ನೂ ಬರೆದವರು ಮರವನ್ನು ಬಿಟ್ಟಿರುವುದಿಲ್ಲ ಅಂತ ನಂಬಿಕೆ ಬರುತ್ತದೆ. ಮಳೆ ಲೆಕ್ಕದಲ್ಲೂ ಅವರು ಶಿಸ್ತಿನ ಮನುಷ್ಯ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ಒಂದು ದಿನ ಅಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಅಳೆದು ‘ಇಲಾಖೆ ಲೆಕ್ಕ ತಪ್ಪು’ ಅಂತ ಕೂಗುವವರು ಇದನ್ನು ಗಮನಿಸಿದರೆ ನನ್ನ ಅರ್ಧ ಇಮೇಲ್ ಕಡಿಮೆಯಾದೀತು.

ಉಪಕರಣ ಬದಲಿಸಲೇಬೇಕಾದರೆ ಹಳೆಯದನ್ನು ಎಸೆಯಬೇಡಿ. ಹಳೆಯದು, ಹೊಸದು ಎರಡನ್ನೂ ಕನಿಷ್ಠ ಒಂದು ವರ್ಷ ಒಟ್ಟಿಗೆ ನಡೆಸಿ. ಒಂದು ತಿಂಗಳು ಸಾಲದು. ಬೇಸಿಗೆಯ ವ್ಯತ್ಯಾಸವೇ ಬೇರೆ, ಮಳೆಗಾಲದ್ದೇ ಬೇರೆ.

ಬರೆದಿಡದೆ ಹತ್ತು ವರ್ಷ ಕಳೆದವರು ಏನು ಮಾಡಬೇಕು? ಒಂದು ದಾರಿ ಇದೆ, ಪೂರ್ತಿ ಭರವಸೆ ಕೊಡಲಾರೆ. ಹತ್ತಿರದ ಎರಡು ಮೂರು ಹವಾಮಾನ ಕೇಂದ್ರಗಳ ಮಾಸಿಕ ಸರಾಸರಿ ತೆಗೆದುಕೊಳ್ಳಿ. ನಿಮ್ಮ ಅಂಕಿಯಿಂದ ಅವರ ಅಂಕಿ ಕಳೆದು, ಆ ವ್ಯತ್ಯಾಸವನ್ನು ಮಾತ್ರ ಗ್ರಾಫ್ ಮಾಡಿ. ಅಕ್ಕಪಕ್ಕದ ಕೇಂದ್ರಗಳ ತಾಪಮಾನ ಬೇರೆಬೇರೆ ಇದ್ದರೂ ಏರುವುದು ಇಳಿಯುವುದು ಹೆಚ್ಚುಕಡಿಮೆ ಜೊತೆಯಲ್ಲೇ. ಹಾಗಾಗಿ ಗೆರೆ ಸುಮಾರಾಗಿ ಮಟ್ಟಸವಾಗಿರಬೇಕು. ಎಲ್ಲಾದರೂ ಮೆಟ್ಟಿಲಿನಂತೆ ಜಿಗಿದಿದ್ದರೆ ಆ ತಿಂಗಳು ನಿಮ್ಮ ಮನೆಯಲ್ಲೋ ಅವರ ಕೇಂದ್ರದಲ್ಲೋ ಏನೋ ಆಗಿದೆ. ಎರಡು ಮೂರು ಕೇಂದ್ರಗಳ ಜೊತೆಗೂ ಅದೇ ತಿಂಗಳು ಜಿಗಿದಿದ್ದರೆ ಬಹುಮಟ್ಟಿಗೆ ನಿಮ್ಮದೇ. ಆಗ ಮನೆಯವರನ್ನು ಕೇಳಿ. ತಾರಸಿಗೆ ಟೈಲ್ಸ್ ಹಾಕಿಸಿದ್ದು ಯಾವಾಗ, ಶೀಟ್ ಹೊದೆಸಿದ್ದು ಯಾವಾಗ ಅಂತ ಅವರು ತಿಂಗಳ ಸಮೇತ ಹೇಳುತ್ತಾರೆ, ಖರ್ಚಾದ ದುಡ್ಡಿನ ಲೆಕ್ಕವನ್ನೂ ಸೇರಿಸಿ. ಆ ತಾರೀಕು ಬರೆದುಕೊಂಡು, ಗ್ರಾಫನ್ನು ಅಲ್ಲಿ ಎರಡು ತುಂಡು ಮಾಡಿ, ಆಮೇಲೆ ನನಗೆ ಕಳಿಸಿ.