ಪದ್ಯ ಒಂದೇ, ಅರ್ಥ ಬೇರೆ ಬೇರೆ: ಜೆಎಸ್‌ಎಕ್ಸ್ ನಡೆದು ಬಂದ ದಾರಿ

ದೀಪಾವಳಿಯ ಆಸುಪಾಸಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಅದು ಮುಗಿಯುವ ಪತ್ತನಾಜೆಯವರೆಗೂ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪುವುದಿಲ್ಲ: ಇಂದು ಯಾವ ಮೇಳ, ಯಾವ ಪ್ರಸಂಗ, ಯಾವ ಊರು, ಎಷ್ಟು ಗಂಟೆಗೆ. ಮಂಗಳೂರಿನ ಬಲ್ಮಠದ ಸಣ್ಣ ಕಚೇರಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನನ್ನ ಪಾಲಿಗೆ ಬಂದದ್ದು ಅಂಥದೇ ಪಟ್ಟಿಯನ್ನು ವೆಬ್ ಪುಟದಲ್ಲಿ ತೋರಿಸುವ ಕೆಲಸ. ಪತ್ರಿಕೆಯಲ್ಲಿ ಒಂದು ಸಾಲು ಹಿಡಿಯುವ ಆಟಕ್ಕೆ ನಾನು ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದದ್ದು 14 ಸಾಲು. ಆ ಭಾಷೆಯ ನಡುವೆಯೇ ಪುಟದ ಟ್ಯಾಗ್ ಬರೆಯಲು ಬಿಡುವ ಜೆಎಸ್‌ಎಕ್ಸ್ ಎಂಬ ಬರಹರೂಪ ಅದನ್ನು ಹೇಗೆ ಇಳಿಸಿತು ಎಂಬುದೇ ಈ ಕತೆ.

ಕಾರಣ ಸರಳ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1998ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿದ ಡಾಮ್ (ಪುಟದ ತುಣುಕುಗಳನ್ನು ಸ್ಕ್ರಿಪ್ಟ್ ಮೂಲಕ ಮುಟ್ಟುವ ವ್ಯವಸ್ಥೆ) ನಿಯಮಗಳ ಪ್ರಕಾರ ಪುಟದ ಪ್ರತಿಯೊಂದು ತುಣುಕನ್ನೂ ‘ಕ್ರಿಯೇಟ್‌ಎಲಿಮೆಂಟ್’ ಎಂದು ಹುಟ್ಟಿಸಬೇಕು, ಅದಕ್ಕೆ ಅಕ್ಷರ ತುಂಬಬೇಕು, ‘ಅಪೆಂಡ್‌ಚೈಲ್ಡ್’ ಎಂದು ತಾಯಿ ತುಣುಕಿಗೆ ಅಂಟಿಸಬೇಕು. ನಾಲ್ಕು ಅಂಕಣಕ್ಕೆ ತಲಾ ಮೂರು ಸಾಲು, ಪಟ್ಟಿಯ ಒಂದು ಸಾಲನ್ನು ಸೂಚಿಸುವ ಹೊರಗಿನ ಎಲ್‌ಐ ತುಣುಕಿಗೆ ಎರಡು. ಬರೆದದ್ದು ಓಡುತ್ತದೆ, ಆದರೆ ಓದಿದವನಿಗೆ ಪುಟ ಹೇಗೆ ಕಾಣುತ್ತದೆಂದು ಕಣ್ಣಿಗೆ ಕಟ್ಟುವುದಿಲ್ಲ.

ಅಡ್ಡದಾರಿ ಇತ್ತು. ಮೈಕ್ರೋಸಾಫ್ಟ್ ತನ್ನ ಬ್ರೌಸರ್‌ನಲ್ಲಿ ತಂದ ‘ಇನ್ನರ್‌ಎಚ್‌ಟಿಎಂಎಲ್’ ಬಳಸಿದರೆ ಇಡೀ ಗುರುತು ಭಾಷೆಯನ್ನು (‘< >’ ಕೋನಾವರಣದೊಳಗೆ ಟ್ಯಾಗ್ ಬರೆಯುವ ಎಚ್‌ಟಿಎಂಎಲ್) ಒಂದು ಅಕ್ಷರಮಾಲೆಯಾಗಿ, ಅಂದರೆ ಬರೀ ಪಠ್ಯವಾಗಿ, ಕಟ್ಟಿ ಸುರಿಯಬಹುದು. ಸುರಿದೆ. ಒಂದು ದಿನ ಯಾರೋ ಸಂಘಟಕರ ಹೆಸರಿನ ಮುಂದೆ ಅವರ ಇಮೇಲ್ ವಿಳಾಸವನ್ನು ಕೋನಾವರಣದ ಸಮೇತ ನಕಲು ಮಾಡಿ ತುಂಬಿದರು. ಬ್ರೌಸರ್ ಅದನ್ನೊಂದು ಅಪರಿಚಿತ ಟ್ಯಾಗ್ ಎಂದು ಭಾವಿಸಿ ವಿಳಾಸವನ್ನೇ ನುಂಗಿತು. ನಮ್ಮದು ಬರೀ ನಗೆಪಾಟಲು. ಆದರೆ ಅದೇ ಬಾಗಿಲಿನಿಂದ ಚಿತ್ರದ ಟ್ಯಾಗೊಂದರ ‘ಆನ್‌ಎರರ್’ ಹಿಡಿದು ದುರುದ್ದೇಶದ ಸ್ಕ್ರಿಪ್ಟ್ ಕೂಡ ಒಳನುಗ್ಗಬಲ್ಲದು.

ಗುರುತು ಭಾಷೆಯನ್ನು ಅಕ್ಷರಮಾಲೆಯಾಗಿ ಅಲ್ಲ, ಭಾಷೆಯ ಅಂಗವಾಗಿಯೇ ಬರೆಯುವಂತಾದರೆ? ಈ ಆಸೆ ಹಳೆಯದು. 2004ರಲ್ಲಿ ಜಾವಾಸ್ಕ್ರಿಪ್ಟಿನ ಮಾನದಂಡ ರೂಪಿಸುವ ಎಕ್ಮಾ ಸಂಸ್ಥೆಯಿಂದ ಎಕ್ಮಾ-357 ಎಂಬ ಮಾನದಂಡವೇ ಬಂದಿತ್ತು. ಹೆಸರು ಇ4ಎಕ್ಸ್. ಜಾವಾಸ್ಕ್ರಿಪ್ಟಿನ ನಡುವೆ ನೇರವಾಗಿ ಟ್ಯಾಗ್ ಬರೆಯಬಹುದಿತ್ತು. ಫೈರ್‌ಫಾಕ್ಸ್ ಅದನ್ನು ಒಪ್ಪಿತು, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಪ್ಪಲಿಲ್ಲ, ಮುಂದೆ ಬಂದ ಕ್ರೋಮ್ ಕೂಡ ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ: ಹಾಗೆ ಬರೆದ ಟ್ಯಾಗ್ ತನ್ನದೇ ಬಗೆಯ ಎಕ್ಸ್‌ಎಂಎಲ್ ವಸ್ತುವಾಗುತ್ತಿತ್ತೇ ಹೊರತು ಪುಟಕ್ಕೆ ಅಂಟಿಸಬಹುದಾದ ತುಣುಕಾಗುತ್ತಿರಲಿಲ್ಲ. ಊಟ ಬಡಿಸಿದೆ, ಉಣ್ಣುವಂತಿಲ್ಲ.

2013ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್‌ನ 21ನೇ ಆವೃತ್ತಿ ಇ4ಎಕ್ಸ್ ಅನ್ನು ಪೂರ್ತಿಯಾಗಿ ಕಿತ್ತುಹಾಕಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಜೆಎಸ್‌ಕಾನ್ಫ್ ಸಮಾವೇಶದಲ್ಲಿ ಫೇಸ್‌ಬುಕ್ಕಿನವರು ಪುಟದ ಮುಖಭಾಗ ಕಟ್ಟುವ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಯನ್ನು ಲೋಕಕ್ಕೆ ತೆರೆದಿಟ್ಟರು. ಜೊತೆಗಿತ್ತು ಜೆಎಸ್‌ಎಕ್ಸ್. ಇದರ ಬೇರು ಅದೇ ಕಂಪನಿಯಲ್ಲಿತ್ತು. ಪಿಎಚ್‌ಪಿ ಭಾಷೆಯೊಳಗೆ ಟ್ಯಾಗ್ ಬರೆಯುವ ಎಕ್ಸ್‌ಎಚ್‌ಪಿಯನ್ನು ಅವರು 2010ರಲ್ಲೇ ಬಿಡುಗಡೆ ಮಾಡಿದ್ದರು. ಒಳನುಗ್ಗುವ ಸ್ಕ್ರಿಪ್ಟನ್ನು ತಡೆಯುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು.

ಮೊದಲ ಪ್ರತಿಕ್ರಿಯೆ ಲೇವಡಿ. ಎಚ್‌ಟಿಎಂಎಲ್ ಒಂದು ಕಡತದಲ್ಲಿ, ಶೈಲಿ ಇನ್ನೊಂದರಲ್ಲಿ, ಸ್ಕ್ರಿಪ್ಟ್ ಮತ್ತೊಂದರಲ್ಲಿ ಇರಬೇಕೆಂದು ಪಾಠ ಕಲಿತ ಪೀಳಿಗೆಗೆ ಇದು ಮೈಲಿಗೆಯಾಗಿ ಕಂಡಿತು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ. ಆದರೆ ಆಟದ ಪಟ್ಟಿಗೆ ‘ಸೇವಾಕರ್ತರು’ ಎಂಬ ಅಂಕಣ ಸೇರಿಸಬೇಕಾದಾಗ ಮೂರೂ ಕಡತ ಮುಟ್ಟಿದ್ದೆನಲ್ಲ? ಮಡಿ ಇದ್ದದ್ದು ಕಡತದ ಹೆಸರಿನಲ್ಲಿ ಮಾತ್ರ.

ಇ4ಎಕ್ಸ್ ಸೋತಲ್ಲಿ ಜೆಎಸ್‌ಎಕ್ಸ್ ಹೇಗೆ ಗೆದ್ದಿತು? ನನ್ನ ಮಟ್ಟಿಗೆ ಉತ್ತರ ಯಕ್ಷಗಾನದಲ್ಲೇ ಇದೆ. ಪ್ರಸಂಗದಲ್ಲಿ ಕವಿ ಬರೆದಿಡುವುದು ಪದ್ಯ. ಭಾಗವತರು ಹಾಡಿದ ಮೇಲೆ ಅರ್ಥ ಹೇಳುವುದು ಕಲಾವಿದನ ಪಾಲು. ಇ4ಎಕ್ಸ್ ಅರ್ಥವನ್ನೂ ಅಚ್ಚು ಹಾಕಿಸಲು ಹೋಯಿತು. ಜೆಎಸ್‌ಎಕ್ಸ್ ಪದ್ಯವನ್ನಷ್ಟೇ ಕೊಟ್ಟಿತು: ತನ್ನ ಬರಹಕ್ಕೆ ನಿಗದಿತ ಅರ್ಥವಿಲ್ಲ, ಬ್ರೌಸರ್‌ಗಳು ಇದನ್ನು ಅಳವಡಿಸಬೇಕೆಂಬ ಉದ್ದೇಶವೂ ಇಲ್ಲ ಎಂದು ಅದರ ಕರಡು ನಿಯಮದಲ್ಲೇ ಇದೆ. ಬ್ರೌಸರ್‌ಗೆ ತಲುಪುವ ಮೊದಲೇ ಬಾಬೆಲ್‌ನಂಥ ಪರಿವರ್ತಕ ಅದನ್ನು ಸಾಮಾನ್ಯ ಜಾವಾಸ್ಕ್ರಿಪ್ಟ್ ಕರೆಗಳಾಗಿ ಬಿಡಿಸುತ್ತದೆ. ಯಾವ ಬ್ರೌಸರ್ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಟ್ಯಾಗ್‌ಗಳ ಅನುವಾದ ಮೊದಲು ‘ರಿಯಾಕ್ಟ್ ಡಾಟ್ ಡಾಮ್’ ಕರೆಗಳಾಗಿತ್ತು, ಆಮೇಲೆ ‘ರಿಯಾಕ್ಟ್ ಡಾಟ್ ಕ್ರಿಯೇಟ್‌ಎಲಿಮೆಂಟ್’ ಆಯಿತು, 2020ರಲ್ಲಿ ರಿಯಾಕ್ಟ್ 17ರೊಂದಿಗೆ ಮತ್ತೆ ಬದಲಾಯಿತು. ಬರೆದಿಟ್ಟ ಟ್ಯಾಗ್‌ಗಳನ್ನು ಯಾರೂ ತಿದ್ದಬೇಕಾಗಲಿಲ್ಲ. ಟೈಪ್‌ಸ್ಕ್ರಿಪ್ಟ್ ಭಾಷೆಯೂ 2015ರಲ್ಲಿ ಒಪ್ಪಿತು. ರಿಯಾಕ್ಟಿನಂಥವೇ ಆದ ಪ್ರಿಯಾಕ್ಟ್, ಸಾಲಿಡ್, ಬೇಕೆಂದರೆ ವ್ಯೂ ಕೂಡ ಇದೇ ಪದ್ಯಕ್ಕೆ ತಮ್ಮ ಅರ್ಥ ಹೇಳುತ್ತವೆ.

ನನ್ನ 14 ಸಾಲು ಈಗ ಆರು. ಎಲ್‌ಐ ತೆರೆ, ನಾಲ್ಕು ಅಂಕಣ, ಮುಚ್ಚು. ಸಂಘಟಕರು ಕೋನಾವರಣ ಹಾಕಿದರೆ ರಿಯಾಕ್ಟ್ ಅದನ್ನು ಬರಿಯ ಅಕ್ಷರವಾಗಿಯೇ ತೋರಿಸುತ್ತದೆ. ಕಿರಿಕಿರಿಗಳೂ ಇವೆ. ‘ಕ್ಲಾಸ್’ ಜಾವಾಸ್ಕ್ರಿಪ್ಟಿನಲ್ಲಿ ಮೀಸಲು ಪದವೆಂದು ರಿಯಾಕ್ಟಿನಲ್ಲಿ ‘ಕ್ಲಾಸ್‌ನೇಮ್’ ಎಂದೇ ಬರೆಯಬೇಕು. ಸಣ್ಣಕ್ಷರದಲ್ಲಿ ಶುರುವಾದರೆ ಎಚ್‌ಟಿಎಂಎಲ್ ಟ್ಯಾಗ್, ದೊಡ್ಡಕ್ಷರವಾದರೆ ನಾವೇ ಕಟ್ಟಿದ ಘಟಕ. ಸಣ್ಣದು ದೊಡ್ಡದು ಎಂಬ ಭೇದವೇ ಇಲ್ಲದ ಕನ್ನಡದಲ್ಲಿ ಹೆಸರಿಟ್ಟರೆ? ಬಾಬೆಲ್ ನೋಡುವುದು ಮೊದಲ ಅಕ್ಷರ ಇಂಗ್ಲಿಷಿನ ಸಣ್ಣಕ್ಷರವೇ ಎಂಬುದನ್ನು ಮಾತ್ರ. ಹಾಗಾಗಿ ನನ್ನ ಕಡತದಲ್ಲಿ ‘ಆಟ’ ಎಂಬ ಟ್ಯಾಗ್ ಕನ್ನಡ ಲಿಪಿಯಲ್ಲೇ ಕುಳಿತಿದೆ, ಘಟಕವಾಗಿ ಕೆಲಸ ಮಾಡುತ್ತಿದೆ.